ವಲ್ಲಿಯ ಕೆಳಗಿನ ಕೈ

ನನ್ನ ಸೋದರಮಾವ ಬಸಲಿಂಗಪ್ಪ ಹೋದ ತಿಂಗಳು ತೀರಿಕೊಂಡ. ಖಾನಾಪುರದ ಪೇಟೆಯವರೆಲ್ಲ ಬಂದು ಮಣ್ಣು ಕೊಟ್ಟು ಹೋದರು. ಹೋಗುವಾಗ ಇಬ್ಬರು ನನ್ನನ್ನು ಬದಿಗೆ ಕರೆದು, "ಏನ ಆಗ್ಲಿ ನಾಗಲಿಂಗ, ನಿಮ್ಮ ಮಾಮಾ ಭಾಳ ಸಂಶೇದ ಮನಷ್ಯಾ ಇದ್ದ" ಎಂದರು. ಮೂರನೆಯವನು ಇನ್ನೂ ಮುಂದೆ ಹೋಗಿ, "ನಿನ್ನ ಮೆಟ್ರಿಕ್ ನಂಬರ ಮಾರಿಕೊಂಡಿದ್ದನ್ನ ಮನಸ್ಸಿನ್ಯಾಗ ಇಟಗೋಬ್ಯಾಡ, ಸತ್ತಾಂವನ ಮ್ಯಾಲ ಸಿಟ್ಟ ಚೊಲೋ ಅಲ್ಲ" ಎಂದು ಬುದ್ಧಿ ಹೇಳಿದ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ, ಆದರೆ ಮರೆಯುವುದೂ ಇಲ್ಲ. ಮಾವನ ಜತೆ ಇದ್ದು ಇದ್ದು ಇಂಥದ್ದನ್ನು ಗಂಟು ಹಾಕಿ ಇಟ್ಟುಕೊಳ್ಳುವ ರೋಗ ನನಗೂ ಅಂಟಿದೆ.

ಮಾವ ಸಂಶಯದ ಮನುಷ್ಯ ಎಂಬುದು ಖರೆ. ನಂಬರು ಮಾರಿಕೊಂಡ ಎಂಬುದು ಸುಳ್ಳು. ಖರೆ ಏನೆಂದು ಬಲ್ಲವನು ಆ ದಿನ ಆ ಅಂಗಳದಲ್ಲಿ ನಾನೊಬ್ಬನೇ ಇದ್ದೆ, ನಾನು ತಲೆಯಾಡಿಸಿ ಸುಮ್ಮನಾದೆ. ಏಳು ವರ್ಷ ಹೀಗೆಯೇ ಸುಮ್ಮನಾಗಿದ್ದೇನೆ.

ಮಾವನ ಸಂಶಯಕ್ಕೆ ಹೊತ್ತುಗೊತ್ತು ಇರಲಿಲ್ಲ. ಸುಡುವ ಬೇಸಿಗೆಯಲ್ಲೂ ಛತ್ರಿ ಹಿಡಿದು ಹೊರಡುತ್ತಿದ್ದ, ಖಾನಾಪುರದ ಆಕಾಶವನ್ನು ನಂಬುವಂತಿಲ್ಲ ಎಂದು. ಸ್ಟೇಷನ್ನಿನಲ್ಲಿ ಗಾಡಿ ಎಷ್ಟು ಹೊತ್ತಿಗೆ ಎಂದು ಮೊದಲು ಮಾಸ್ತರರನ್ನು ಕೇಳುತ್ತಿದ್ದ, ಆಮೇಲೆ ಹಮಾಲರನ್ನು. ಇಬ್ಬರೂ ಒಂದೇ ಹೊತ್ತು ಹೇಳಿದರೆ "ಕೂಡಿ ಮಾತಾಡ್ಕೊಂಡಾರ" ಎನ್ನುತ್ತಿದ್ದ. ಮದುವೆಯ ಪಂಕ್ತಿಯಲ್ಲಿ ಬಾಜು ಕೂತವನು ಹೋಳಿಗೆ ಮುರಿದು ನುಂಗಿದ ಮೇಲೆಯೇ ಇವನು ತನ್ನ ಹೋಳಿಗೆಗೆ ಕೈ ಹಾಕುವುದು. ಅತ್ತೆ ರೇಣವ್ವ ಸಣ್ಣ ವಯಸ್ಸಿಗೇ ಸತ್ತಳು. ಎರಡನೆಯ ಸಂಬಂಧ ತಂದವರಿಗೆಲ್ಲ ಅಡ್ಡಪ್ರಶ್ನೆ ಹಾಕಿ ಹಾಕಿ ಓಡಿಸಿಬಿಟ್ಟ. ಮಕ್ಕಳಿರಲಿಲ್ಲ. ನನ್ನ ಅಪ್ಪ ತೀರಿಕೊಂಡಾಗ ಅವ್ವ ಚಂದ್ರವ್ವ ನಾಲ್ಕು ವರ್ಷದ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಅಣ್ಣನ ಮನೆಗೆ ಬಂದಳು. ಆ ಮನೆಯಲ್ಲೇ ನಾನು ಬೆಳೆದೆ.

ಕಸುಬೂ ಸ್ವಭಾವಕ್ಕೆ ಒಪ್ಪುವಂಥದ್ದೇ. ಮಾವ ಅಕ್ಕಿಯ ದಲಾಲ. ಜಾಂಬೋಟಿ ಕಡೆಯ ಗದ್ದೆಗಳಿಂದ ಅಕ್ಕಿ ಗಾಡಿಗಳ ಮೇಲೆ ಖಾನಾಪುರಕ್ಕೆ ಬರುತ್ತಿತ್ತು, ಕೊಳ್ಳುವವರು ಬೆಳಗಾವಿಯಿಂದ ಬರುತ್ತಿದ್ದರು. ಇಬ್ಬರ ನಡುವೆ ನಿಂತು ವ್ಯವಹಾರ ಕುದುರಿಸುವುದು ಮಾವನ ಕೆಲಸ. ಅವನ ಹತ್ತಿರ ತುದಿ ಚೂಪಾದ ಒಂದು ಕಬ್ಬಿಣದ ಕೊಳವೆ ಇತ್ತು. ಚೀಲದ ಬಾಯಿ ಬಿಚ್ಚಿ ತೋರಿಸಿದ ಅಕ್ಕಿಯನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಚೀಲವನ್ನು ಅಡ್ಡ ಕೆಡವಿಸಿ ತಳಕ್ಕೆ ಕೊಳವೆ ಚುಚ್ಚುತ್ತಿದ್ದ, ಅಂಗೈಗೆ ಬಿದ್ದ ಕಾಳನ್ನು ಹಲ್ಲಿನಿಂದ ಕಡಿದು ನೋಡುತ್ತಿದ್ದ. "ಮ್ಯಾಲ ಎಲ್ಲಾರೂ ಚೊಲೋನ ಇರ್ತಾರ. ಬುಡಕ ನೋಡಬೇಕು" ಎಂದು ನನಗೆ ಹೇಳುತ್ತಿದ್ದ.

ಅವನು ನಂಬುತ್ತಿದ್ದ ಜಾಗ ಒಂದೇ ಒಂದು. ಅದು ವಲ್ಲಿಯ ಕೆಳಗೆ. ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿ ಇರಲಿಲ್ಲ, ಸುತ್ತ ನಿಂತವರಿಗೆ ತಿಳಿಯಬಾರದಲ್ಲ. ದಲಾಲ ತನ್ನ ಹೆಗಲ ಮೇಲಿನ ವಲ್ಲಿ ತೆಗೆದು ಇಬ್ಬರ ಕೈಗಳ ಮೇಲೂ ಹೊದಿಸುತ್ತಿದ್ದ. ಒಳಗೆ ಬೆರಳುಗಳ ಮಾತು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಕೂಡಿಸಿ ಹಿಡಿದರೆ ಐದು. ಐದು ಹಿಡಿದು ಬಿಟ್ಟು ಮತ್ತೊಂದು ಹಿಡಿದರೆ ಆರು. ಒಪ್ಪಿಗೆಯಾದರೆ ಪೂರಾ ಅಂಗೈ ಒತ್ತಬೇಕು. ಒತ್ತಿದರೆ ಮಾತು ಪಕ್ಕಾ. ವಲ್ಲಿಯ ಹೊರಗೆ ಯಾರು ಎಷ್ಟು ಸುಳ್ಳು ಹೇಳಿದರೂ ಪೇಟೆ ನಕ್ಕು ಬಿಡುತ್ತಿತ್ತು, ಅದು ವ್ಯಾಪಾರ. ವಲ್ಲಿಯ ಕೆಳಗೆ ಸುಳ್ಳಾಡಿದವನಿಗೆ ಮರುದಿನದಿಂದ ಯಾರೂ ಕೈ ಕೊಡುತ್ತಿರಲಿಲ್ಲ. ಈ ಬೆರಳಿನ ಲೆಕ್ಕವನ್ನು ನಾನು ಸಾಲಿಗೆ ಹೋಗುವ ಮೊದಲೇ ಮಾವನ ತೊಡೆಯ ಮೇಲೆ ಕೂತು ಕಲಿತಿದ್ದೆ.

ಹೈಸ್ಕೂಲಿಗೆ ನನ್ನನ್ನು ಬೆಳಗಾವಿಯಲ್ಲಿ ಇಟ್ಟರು. ಖಾಸಬಾಗದಲ್ಲಿ ಅಕ್ಕಾತಾಯಿ ಎಂಬ ಜೈನ ವಿಧವೆಯ ಮನೆಯಲ್ಲಿ ಒಂದು ಕೋಣೆ, ಎರಡು ಹೊತ್ತು ಊಟ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ, ತಟ್ಟೆ ಹಾಕುತ್ತಿರಲಿಲ್ಲ. ಸಂಜೆ ಉಂಡು ಓದಲು ಕೂತರೆ ಎರಡು ತಾಸಿಗೆ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಅದೇ ಕೋಣೆಯಲ್ಲಿದ್ದ ಪದ್ಮಾಕರನಿಗೆ ಅದು ಹುಟ್ಟಿನಿಂದ ರೂಢಿ. ಅವನೂ ಜೈನರವನು, ಜಾಂಬೋಟಿಯಲ್ಲಿ ಅಕ್ಕಿ ಬೆಳೆಯುವ ಪಾಯಪ್ಪನ ಮಗ. ನಾವಿಬ್ಬರೂ ಒಂದೇ ಕಂದೀಲಿನ ಎರಡು ಬದಿಗೆ ಕೂತು ನಾಲ್ಕು ವರ್ಷ ಓದಿದೆವು. ನನಗೆ ಬಾರದ ಬೀಜಗಣಿತವನ್ನು ಅವನು ಎರಡೆರಡು ಸಲ ಹೇಳಿಕೊಡುತ್ತಿದ್ದ, ಬೇಸರಪಟ್ಟುಕೊಂಡದ್ದು ನಾನು ನೋಡಿಲ್ಲ.

ಪದ್ಮಾಕರನ ಹುಚ್ಚು ಮಳೆಯದು. ಜಾಂಬೋಟಿಯ ಸರಕಾರಿ ಬಂಗಲೆಯ ಅಂಗಳದಲ್ಲಿ ಮಳೆ ಅಳೆಯುವ ತಾಮ್ರದ ಪಾತ್ರೆಯೊಂದಿತ್ತು. ಚಿಕ್ಕಂದಿನಿಂದ ಅದರ ಮುಂದೆ ಕೂತು ಕೂತು, ಇಷ್ಟು ನೀರು ನಮ್ಮೂರ ಮೇಲೆಯೇ ಯಾಕೆ ಬೀಳುತ್ತದೆ ಎಂದು ಕೇಳುತ್ತಿದ್ದನಂತೆ. ಯಾರೂ ಹೇಳಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಸಾಯನ್ಸ್ ಓದಿದರೆ ತಿಳಿಯುತ್ತದೆ ಎಂದು ಅವನ ಲೆಕ್ಕ. ನನ್ನದು ಅಂಥದ್ದೇನೂ ಇರಲಿಲ್ಲ. ಅವ್ವನಿಗೆ ನಾನು ವಕೀಲನಾಗಬೇಕಿತ್ತು, ಆದ್ದರಿಂದ ನನಗೂ ಆಗಬೇಕಿತ್ತು. ಧಾರವಾಡದ ಒಂದು ಬೋರ್ಡಿಂಗಿನವರು ಪದ್ಮಾಕರನಿಗೆ ಊಟ, ಜಾಗ ಎರಡನ್ನೂ ಪುಕ್ಕಟೆ ಕೊಡಲು ಒಪ್ಪಿದ್ದರು. ಕರಾರು ಒಂದೇ: ಪಾಸಾದವನು ಜೂನ್ ಹದಿನೈದರ ಒಳಗೆ ಬಂದು ಹೆಸರು ಹಚ್ಚಬೇಕು. ತಪ್ಪಿದರೆ ಜಾಗ ಬೇರೆಯವರಿಗೆ. ಬೇರೆ ದಾರಿಯಿಂದ ಮಗನನ್ನು ಓದಿಸುವ ತಾಕತ್ತು ಪಾಯಪ್ಪನಿಗೆ ಇರಲಿಲ್ಲ. ಇದೆಲ್ಲ ಮಾವನಿಗೂ ಗೊತ್ತಿತ್ತು, ನಾನೇ ಹೇಳಿದ್ದೆ.

ಪರೀಕ್ಷೆ ಮುಗಿಸಿ ಊರಿಗೆ ಹೊರಟಾಗ ಪದ್ಮಾಕರ ನನಗೆ ಹೇಳಿದ್ದು ಇಷ್ಟು. "ನಮ್ಮ ಕಡೆ ಪೇಪರ ಬರೂದಿಲ್ಲ. ನನ್ನ ನಂಬರ ನೀನ ನೋಡು. ಬಂದಿದ್ರ ಒಂದ ಕಾರ್ಡ ಹಾಕು. ಕಾರ್ಡ ಬರಲಿಲ್ಲಂದ್ರ ಹೋತಂತ ತಿಳಕೋತೀನಿ." ಅವನ ನಂಬರು ೨೭೧೮. ನನ್ನದು ೨೭೧೬.

ಸಾವಿರದ ಒಂಬೈನೂರ ಇಪ್ಪತ್ತೆರಡು, ಜೂನ್ ಆರು, ಮಂಗಳವಾರ. ಮಧ್ಯಾಹ್ನದ ಗಾಡಿಗೆ ಮುಂಬಯಿಯ ಪತ್ರಿಕೆ ಬಂತು. ಹೆಸರುಗಳಿರಲಿಲ್ಲ, ಬರೀ ನಂಬರುಗಳ ಸಾಲು. ಖಾನಾಪುರದಲ್ಲಿ ನನಗೆ ಮೊದಲು ಎ ಬಿ ಸಿ ಕಲಿಸಿದ ಚನ್ನಬಸಯ್ಯ ಮಾಸ್ತರರು ಅದನ್ನು ಪ್ಲಾಟ್‌ಫಾರ್ಮಿನ ಬಾಕಿನ ಮೇಲೆ ಹರವಿದರು. ನನ್ನ ಹಿಂದೆ ಇಪ್ಪತ್ತು ಮಂದಿ ಬಗ್ಗಿ ನಿಂತಿದ್ದರು, ಅವ್ವನೂ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ನಾನು ನೋಡಿದೆ. ೨೭೧೪ ಇತ್ತು. ಅದರ ಮುಂದೆ ೨೭೧೮. ನಡುವೆ ಏನೂ ಇರಲಿಲ್ಲ.

"ಯಾವದೋ ನಾಗಲಿಂಗ? ನಿಂದು ಯಾವದು?" ಎಂದರು ಮಾಸ್ತರರು.

ಬಾಯಿಂದ ನಾನು ಏನೂ ಹೇಳಲಿಲ್ಲ. ಬೆರಳಿಟ್ಟೆ. ಬೆರಳು ೨೭೧೮ರ ಮೇಲೆ ಇತ್ತು. ಮಾಸ್ತರರು ಪೆನ್ಸಿಲ್ಲಿನಿಂದ ಅದಕ್ಕೊಂದು ಸುತ್ತು ಹಾಕಿದರು, ಅವ್ವ ಅಲ್ಲೇ ಸ್ಟೇಷನ್ನಿನಲ್ಲಿ ಅತ್ತಳು, ಯಾರೋ ಹೋ ಎಂದರು. ಮುಗಿಯಿತು. ಇಷ್ಟು ಸುಲಭವಾಗಿ ಒಬ್ಬ ಮನುಷ್ಯ ಕಳ್ಳನಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಅವ್ವನಿಗೆ ಹೇಳಿದರಾಯಿತು ಎಂದುಕೊಂಡೆ. ಮನೆಗೆ ಹೋಗುವಷ್ಟರಲ್ಲಿ ಅವ್ವ ಪೇಢೆ ಹಂಚುತ್ತಿದ್ದಳು.

ಪದ್ಮಾಕರನಿಗೆ ಕಾರ್ಡು ಹಾಕುವಂತಿರಲಿಲ್ಲ. ಹಾಕಿದರೆ ಅವನು ಧಾರವಾಡದ ಗಾಡಿ ಹತ್ತಲು ತನ್ನ ನಂಬರಿನ ಚೀಟಿ ಹಿಡಿದುಕೊಂಡು ಖಾನಾಪುರಕ್ಕೆ ಬರುತ್ತಾನೆ, ೨೭೧೮ ಯಾರದೆಂದು ಊರಿಗೆ ತಿಳಿಯುತ್ತದೆ. ಸುಳ್ಳು ಬರೆಯುವ ಕಷ್ಟವೂ ನನಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ಮಾವ ಆ ದಿನ ಬೆಳಗಾವಿಗೆ ಹೋಗಿದ್ದ. ಮರುದಿನ ಬಂದವನು ಸುದ್ದಿ ಕೇಳಿ ಹಿಗ್ಗಲಿಲ್ಲ. ಎಡಗಣ್ಣು ಸಣ್ಣದು ಮಾಡಿದ. ಮೊದಲು ಅವನಿಗೆ ಪತ್ರಿಕೆಯ ಮೇಲೆ ಸಂಶಯ ಬಂತು, ಹೋದ ವರ್ಷದ್ದೇನೋ ಎಂದ. ಆಮೇಲೆ ಪೇಟೆಯವರ ಮೇಲೆ. ಊರಲ್ಲಿ ಪಾಸಾದ ನಾಲ್ಕೂ ಹುಡುಗರಿಗೆ ಭಾನುವಾರ ಮಠದ ಪಡಸಾಲೆಯಲ್ಲಿ ಸತ್ಕಾರ ಮಾಡುವುದೆಂದು ಅವರು ಗೊತ್ತುಮಾಡಿದ್ದರು. "ಸತ್ಕಾರ ಮಾಡಿ ಏನರ ಕೇಳಾವ್ರ ಇರಬೇಕು. ಇಲ್ಲಾ ಯಾರೋ ಹೆಣ್ಣ ಗಂಟ ಹಾಕಾವ್ರು" ಎಂದ. ಅವ್ವ ನಕ್ಕಳು. "ಅಣ್ಣಾ, ನಿನಗ ಸಂತೋಷ ಬಂದ್ರೂ ಬಾಗಲಾ ತಗಿಯೂದಿಲ್ಲ ನೋಡು" ಎಂದಳು. ನಾನೂ ನಗಬೇಕೆಂದು ನಕ್ಕೆ. ಮಾವ ನನ್ನ ನಗುವನ್ನು ನೋಡಿದ.

ಆಮೇಲಿನ ನಾಲ್ಕು ದಿನ ನಾನು ಅವನ ಕಣ್ಣಿನ ಕೆಳಗೆ ಬದುಕಿದೆ. ಅವನು ಗದರಿಸಲಿಲ್ಲ, ಕೂಗಾಡಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುತ್ತ, ಚಪ್ಪಲಿ ಮೆಟ್ಟುತ್ತ, ಬೇರೆ ಏನೋ ಮಾತಿನ ನಡುವೆ ಒಂದು ಪ್ರಶ್ನೆ ಬಿಡುತ್ತಿದ್ದ.

"ಧಾರವಾಡಕ್ಕ ಯಾವಾಗ ಹೊಂಡೂದು?"

"ಮಳಿ ಸ್ವಲ್ಪ ನಿಲ್ಲಲಿ ಮಾಮಾ."

"ಗಾಡಿ ಮಳ್ಯಾಗೂ ಹೋಗತೈತೆಲ್ಲ?"

ಇನ್ನೊಂದು ಸಲ ನನ್ನ ತಟ್ಟೆಯ ಕಡೆ ನೋಡಿ, "ಪೇಢೆ ಊರ ಮಂದೆಲ್ಲ ತಿಂದಾರ. ನೀ ಒಂದೂ ತಿಂದಿಲ್ಲ" ಎಂದ. ಹಲ್ಲು ನೋವು ಎಂದೆ. ಯಾವ ಹಲ್ಲು ಎಂದು ಕೇಳಿದ. ನಾನು ಬಲಗಡೆ ತೋರಿಸಿದೆ. ಮರುದಿನ ಮತ್ತೆ ಕೇಳಿದ, ನಾನು ಎಡಗಡೆ ತೋರಿಸಿದೆನೋ ಬಲಗಡೆಯೋ ನನಗೇ ಗೊತ್ತಾಗಲಿಲ್ಲ. ಬಚ್ಚಲಿಗೆ ಹೋದರೂ ಬಾಗಿಲ ಆಚೆ ಅವನು ನಿಂತಿದ್ದಾನೆ ಎನಿಸುತ್ತಿತ್ತು. ಅವ್ವನ ಪ್ರತಿ ಮಾತಿನಲ್ಲೂ ಎರಡು ಅರ್ಥ ಹುಡುಕುತ್ತಿದ್ದೆ. ಟಪಾಲಿನವನು ಬೀದಿಯಲ್ಲಿ ಕಂಡರೆ ಒಳಗೆ ಹೋಗುತ್ತಿದ್ದೆ. ಸಂಶಯವೆಂದರೆ ಏನೆಂದು ನನಗೆ ತಿಳಿದದ್ದು ಆಗಲೇ, ಅದು ಮಾವನಿಗಿಂತ ಹೆಚ್ಚು ನನಗೇ ಹಿಡಿದಿತ್ತು.

ಶನಿವಾರ ಅವನು ಕೊಳವೆಯನ್ನು ಚಿಂದಿಯಿಂದ ಒರೆಸುತ್ತ ಕೂತಿದ್ದ. ತಲೆ ಎತ್ತದೆ ಕೇಳಿದ.

"ಪದ್ಮಾಕರಂದ ಏನಾತು?"

"ಗೊತ್ತಿಲ್ಲ ಮಾಮಾ. ನೋಡಲಿಲ್ಲ."

ಅವನ ಕೈ ನಿಂತಿತು. "ನಾಕ ವರ್ಷ ಒಂದ ಕೋಣಿ, ಒಂದ ಕಂದೀಲ. ಅವನ ನಂಬರ ನೀ ನೋಡಲಿಲ್ಲ?"

"ಗಡಬಡ್ಯಾಗ ಮರತೆ."

"ಹ್ಞೂಂ" ಎಂದ. ಮತ್ತೆ ಒರೆಸತೊಡಗಿದ. ಆ ಕೊಳವೆ ಆಗಲೇ ಫಳಫಳ ಎನ್ನುತ್ತಿತ್ತು.

ಭಾನುವಾರ ಬೆಳಿಗ್ಗೆ ಮಠದ ಪಡಸಾಲೆ ತುಂಬಿತ್ತು. ಹೊರಗೆ ಮಳೆ, ಒಳಗೆ ಒದ್ದೆ ಛತ್ರಿಗಳ ರಾಶಿ. ಪತ್ರಿಕೆಯ ಆ ಹಾಳೆಯನ್ನು ಕಂಬಕ್ಕೆ ಅಂಟಿಸಿದ್ದರು, ನಾಲ್ಕು ನಂಬರುಗಳ ಸುತ್ತ ಪೆನ್ಸಿಲ್ಲಿನ ಗೆರೆ. ಮರಾಠಿ ಮನೆತನದ ಇಬ್ಬರು, ಸ್ಟೇಷನ್ ಮಾಸ್ತರರ ಮಗ, ಮತ್ತು ನಾನು ಜಮಖಾನೆಯ ಮೇಲೆ ಸಾಲಾಗಿ ಕೂತೆವು. ಚನ್ನಬಸಯ್ಯ ಮಾಸ್ತರರು ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ಭಾಷಣ ಮಾಡಿದರು. ಒಬ್ಬನು ಪುಣೆಗೆ ಹೋಗುತ್ತಾನೆ, ಇಬ್ಬರು ಸಾಂಗಲಿಗೆ, ನಮ್ಮ ನಾಗಲಿಂಗ ಧಾರವಾಡಕ್ಕೆ ಎಂದರು. ಪ್ರತಿ ಊರಿನ ಹೆಸರಿಗೂ ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನಲ್ಲಿ ಅವ್ವ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಅಪ್ಪ ಸತ್ತ ಮೇಲೆ ಅವಳು ಆ ಸೀರೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದದ್ದು ಅದೇ ಮೊದಲು.

ಹುಡುಗರಿಗೆ ಹಾರ ಹಾಕಿ, ತೆಂಗಿನಕಾಯಿ ಕೊಟ್ಟು, ಮನೆಯ ಹಿರಿಯರಿಂದ ರುಮಾಲು ಸುತ್ತಿಸುವುದು ಕಾರ್ಯಕ್ರಮ. ನನ್ನ ಸರದಿ ಬಂದಾಗ ಮಾವ ಎದ್ದು ಬಂದ. ರುಮಾಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತು, ಹೆಗಲ ಮೇಲಿನ ವಲ್ಲಿ ತೆಗೆದು, ನನ್ನ ಬಲಗೈ ಎಳೆದುಕೊಂಡು ಎರಡೂ ಕೈಗಳ ಮೇಲೆ ಹೊದಿಸಿಬಿಟ್ಟ.

ಪಡಸಾಲೆಗೆ ಪಡಸಾಲೆಯೇ ನಕ್ಕಿತು. "ದಲಾಲರು ಅಳಿಯನ ದರಾ ಕೇಳಾಕತ್ತಾರಪೋ!" ಎಂದು ಯಾರೋ ಕೂಗಿದರು. "ವರದಕ್ಷಿಣಿ ಭಾಳ ಹೇಳಬ್ಯಾಡ ನಾಗ್ಯಾ!" ಎಂದ ಇನ್ನೊಬ್ಬ. ಅವ್ವನೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ವಲ್ಲಿಯ ಕೆಳಗೆ ಮಾವ ನನ್ನ ಎರಡು ಬೆರಳು ಹಿಡಿದ. ಎರಡು. ಬಿಟ್ಟು, ಐದೂ ಕೂಡಿಸಿ ಹಿಡಿದು ಮತ್ತೆ ಎರಡು. ಏಳು. ಆಮೇಲೆ ಒಂದು. ಆಮೇಲೆ ಐದು, ಮತ್ತೆ ಮೂರು. ೨೭೧೮. ಹಿಡಿದು, ತನ್ನ ಅಂಗೈಯನ್ನು ನನ್ನ ಅಂಗೈಯ ಕೆಳಗೆ ಬಿಚ್ಚಿ ಇಟ್ಟು ಕಾದ. ಒತ್ತಬೇಕಾದದ್ದು ನಾನು. ಒತ್ತಿದರೆ ಪಕ್ಕಾ.

ಒತ್ತಬೇಕೆ ಎಂದು ನೋಡಿದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ. ಊರಿಗೆ ಊರನ್ನೇ ನಂಬದ ಮನುಷ್ಯ, ನಾನು ಒತ್ತಿಬಿಟ್ಟಿದ್ದರೆ ನಂಬಿಬಿಡುತ್ತಿದ್ದ. ಅದು ನನಗೆ ಖಾತ್ರಿಯಿತ್ತು.

ನಾನು ಒತ್ತಲಿಲ್ಲ. ಅವನ ಬೆರಳುಗಳನ್ನು ಹಿಡಿದು ಎಣಿಸಿದೆ. ಎರಡು. ಏಳು. ಒಂದು. ಐದು ಹಿಡಿದು ಬಿಟ್ಟು, ಮತ್ತೆ ಒಂದೇ ಒಂದು. ಆರು.

ಮಾವ ಮುಂದೆ ಬಾಗಿ ನನ್ನ ಕಿವಿಯಲ್ಲಿ, "ಪಾಯಪ್ಪನ ಮಗಂದು?" ಎಂದ. ಹೂಂ ಎಂದೆ.

ಅವನು ವಲ್ಲಿ ಝಾಡಿಸಿ ಎದ್ದು ನಿಂತು, "ದರಾ ಕುದರಲಿಲ್ಲಪಾ, ಹುಡಗ ನಮಗ ತುಟ್ಟಿ ಆದ" ಎಂದು ದೊಡ್ಡ ದನಿಯಲ್ಲಿ ಹೇಳಿದ. ಮತ್ತೆ ನಗೆ. ಆ ನಗೆ ಮುಗಿಯುವುದರೊಳಗೆ, ಹುಡುಗನಿಗೆ ಹೊಟ್ಟೆನೋವೆಂದು ಹೇಳಿ, ಹಾರ, ಕಾಯಿ, ರುಮಾಲಿನ ಸಮೇತ ನನ್ನನ್ನು ಹೊರಗೆ ನಡೆಸಿಕೊಂಡು ಬಂದ. ಅರ್ಧ ತಾಸಿನಲ್ಲಿ ನಾವು ಎತ್ತಿನ ಗಾಡಿಯಲ್ಲಿ ಜಾಂಬೋಟಿಯ ದಾರಿ ಹಿಡಿದಿದ್ದೆವು.

ನಾನು ಏಟಿಗೆ ಕಾಯುತ್ತಿದ್ದೆ. ಏಟು ಬಿದ್ದಿದ್ದರೆ ಚೊಲೋ ಇತ್ತು. ಗಾಡಿಯ ತಟ್ಟಿಯ ಸಂದಿನಿಂದ ನೀರು ನಮ್ಮಿಬ್ಬರ ನಡುವೆ ಸೋರುತ್ತಿತ್ತು.

"ಅವಂಗ ಖೊಟ್ಟಿ ಕಾರ್ಡ ಏನರ ಬರದಿಯೇನು?"

"ಇಲ್ಲ. ಏನೂ ಬರದಿಲ್ಲ."

"ಹದಿನೈದಕ್ಕ ಇನ್ನ ನಾಕ ದಿನಾ ಐತಿ." ಎತ್ತು ಜೋರು ಹೊಡೆಯಲು ಗಾಡಿಯವನಿಗೆ ಹೇಳಿದ. "ನಾಗ್ಯಾ, ಬುಧವಾರನ ನನಗ ಸಂಶೆ ಬಂದಿತ್ತು. ಎಲ್ಲಾರ ಚೀಲಾ ಬಂದ ಗಳಿಗ್ಗೆ ಚುಚ್ಚಾಂವ ನಾನು. ಇದನ್ನ ಚುಚ್ಚಾಕ ಭಾನುವಾರತನಾ ಮನಸ್ಸ ಬರಲಿಲ್ಲ. ಹುಡಗನ ಬದಕ ಹೋಗ್ತಿತ್ತು." ನನ್ನ ತಪ್ಪಿಗೆ ಅವನು ತನ್ನನ್ನು ಬೈದುಕೊಳ್ಳುತ್ತಿದ್ದ. ನಾನು ಅತ್ತೆ, ಅವನು ಹೊರಗೆ ನೋಡುತ್ತ ಕೂತ.

ಪಾಯಪ್ಪನ ಮನೆಗೆ ಹೋಗುವುದು ಮಾವನಿಗೆ ಹಗುರದ ಮಾತಾಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಪಾಯಪ್ಪನ ಅಕ್ಕಿಯ ಕಾಳನ್ನು ಕಡಿದು, ತೂಕಕ್ಕೆ ನೀರು ಹಾಕಿದ್ದೀಯ ಎಂದು ತುಂಬಿದ ಪೇಟೆಯಲ್ಲಿ ಮಾವ ಅಂದುಬಿಟ್ಟಿದ್ದ. ಅದು ಬರೀ ಜಾಂಬೋಟಿಯ ಹಸಿ ಗಾಳಿಯ ತೇವವೆಂದು ಆಮೇಲೆ ತಿಳಿಯಿತು. ಮಾವ ತಪ್ಪು ಒಪ್ಪಲಿಲ್ಲ. ಪಾಯಪ್ಪ ಮತ್ತೆ ಅವನ ಕೈಗೆ ಕೈ ಕೊಡಲಿಲ್ಲ, ಅಕ್ಕಿಯನ್ನು ಬೇರೆ ದಲಾಲನಿಗೆ ಒಯ್ಯತೊಡಗಿದ.

ನಾವು ಮುಟ್ಟಿದಾಗ ಸಂಜೆಯಾಗುತ್ತ ಬಂದಿತ್ತು. ಪಾಯಪ್ಪ ಕಟ್ಟೆಯ ಮೇಲೆ ನಿಂತು ನಮ್ಮನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಗಾಡಿಯೊಳಗೆ ಏನಿದೆ ಎಂದೂ ಬಗ್ಗಿ ನೋಡಿದ. ಅವನ ಕಣ್ಣಿನಲ್ಲಿ ಥೇಟ್ ಮಾವನ ಕಣ್ಣೇ ಇತ್ತು.

"ದಲಾಲರು ಇಲ್ಲಿತನಾ ಬಂದಾರಂದ್ರ ಸುಮ್ನ ಬಂದಿಲ್ಲ" ಎಂದ. "ಇರಲಿ. ಹೊತ್ತ ಮುಳಗಾಕ ಬಂದೈತಿ. ಮೊದಲ ಉಣ್ರಿ, ಜಗಳಾ ಆಮ್ಯಾಲ ಮಾಡೂಣು."

ಆ ಮೋಡದಲ್ಲಿ ಹೊತ್ತು ಯಾರಿಗೂ ಕಾಣುತ್ತಿರಲಿಲ್ಲ, ಆದರೂ ಆ ಮನೆಗೆ ಅದು ಗೊತ್ತಿತ್ತು. ಗಡಬಡಿಸಿ ಉಂಡೆವು. ಪದ್ಮಾಕರ ಗದ್ದೆಯಿಂದ ಮೊಣಕಾಲವರೆಗೆ ಕೆಸರಾಗಿ ಬಂದಿದ್ದ. ನನ್ನನ್ನು ನೋಡಿ ಹಿಗ್ಗಿದ, ಮಾವನನ್ನು ನೋಡಿ ಹಿಂಜರಿದ, ಏನೂ ಕೇಳದೆ ಕೂತು ಉಂಡ. ಐದು ದಿನ ಕಾರ್ಡಿನ ದಾರಿ ನೋಡಿ ಸೋತುಹೋದ ಮುಖ ಅದು. ಕೈ ತೊಳೆದ ಮೇಲೆ ಮಾವ ನನ್ನ ಬೆನ್ನಿಗೆ ಗುದ್ದಿದ. ನಾನು ಗಾಡಿಯಲ್ಲಿಟ್ಟಿದ್ದ ಹಾರ ತಂದು ಪದ್ಮಾಕರನ ಕೊರಳಿಗೆ ಹಾಕಿದೆ.

"ನಂಬರ ಬಂದೈತಿ" ಎಂದೆ.

"ಖರೇ? ಯಾವಾಗ?"

"ಮಂಗಳವಾರ."

"ಮತ್ತ ಕಾರ್ಡ ಯಾಕ ಹಾಕಲಿಲ್ಲೋ?"

ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಮಾವನ ದನಿ ಬಂತು.

"ಕಾರ್ಡ ನಾ ತಡದೆ."

ಎಲ್ಲರೂ ಅವನ ಕಡೆ ತಿರುಗಿದರು. "ಇಂವ ಬರಿತೀನಂದ. ನಾನ ಬ್ಯಾಡಂದೆ. ನಂಬರ ಖರೇನೋ ಸುಳ್ಳೋ, ಪೇಪರಿನಾವ್ರನ್ನ ಹೆಂಗ ನಂಬೂದು ಅಂದೆ. ನನ್ನ ಸ್ವಭಾವ ನಿಮಗ ಗೊತ್ತ ಐತೆಲ್ಲ" ಎಂದ ಮಾವ.

ಯಾರಿಗೂ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಬಸಲಿಂಗಪ್ಪ ಮಾಡುವ ಕೆಲಸವೇ ಅದು. ಪಾಯಪ್ಪ ಎದ್ದು ನಿಂತ. "ನನ್ನ ಅಕ್ಕಿಗೆ ನೀರ ಹಾಕೇನಿ ಅಂದ್ರಿ, ಕೇಳಕೊಂಡೆ. ನನ್ನ ಮಗನ ನಂಬರಿಗೂ ನೀರ ಹಾಕೇನಂತ ತಿಳದ್ರೇನು? ಹದಿನೈದ ದಾಟಿದ್ರ ಏನ ಮಾಡ್ತಿದ್ರಿ?"

ಮಾವ ಎರಡೂ ಕೈ ಜೋಡಿಸಿದ. "ತಪ್ಪಾತ ಪಾಯಪ್ಪಣ್ಣಾ. ಅಕ್ಕಿದೂ ತಪ್ಪ, ಇದೂ ತಪ್ಪ." ಅವನು ಯಾರಿಗಾದರೂ ಕೈ ಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎರಡರಲ್ಲಿ ಒಂದು ತಪ್ಪು ಅವನದು, ಇನ್ನೊಂದು ನನ್ನದು. ಪದ್ಮಾಕರ ನನ್ನ ಹತ್ತಿರ ಬಂದು ಮೆಲ್ಲಗೆ, "ನಿಂದು?" ಎಂದು ಕೇಳಿದ. ಹೋತು ಎಂದೆ. ಅವನು ಕೊರಳಿನ ಹಾರ ತೆಗೆದು ಗೂಟಕ್ಕೆ ಹಾಕಿ, ನನ್ನ ಹೆಗಲ ಮೇಲೆ ಕೈಯಿಟ್ಟು ಕೂತುಬಿಟ್ಟ. ನಾನು ಸಾಯಬೇಕೆಂದುಕೊಂಡೆ, ನಿಜವಾಗಿಯೂ.

ಮಂಗಳವಾರ ಪದ್ಮಾಕರ ಖಾನಾಪುರದಲ್ಲಿ ಗಾಡಿ ಹತ್ತಿದ, ಹದಿಮೂರಕ್ಕೇ ಹೆಸರು ಹಚ್ಚಿದ. ಆದರೆ ಗಾಡಿ ಹತ್ತುವಾಗ ಅವನ ಕೈಯಲ್ಲಿದ್ದ ಚೀಟಿಯನ್ನು ಹಮಾಲರಿಂದ ಹಿಡಿದು ಸ್ಟೇಷನ್ ಮಾಸ್ತರರವರೆಗೆ ಎಲ್ಲರೂ ನೋಡಿದರು. ೨೭೧೮. ಮಠದ ಕಂಬದ ಮೇಲೂ ಅದೇ. ನನ್ನ ತಲೆಗೆ ರುಮಾಲು ಸುತ್ತದೆ ಎದ್ದುಹೋದ ಮಾವ, ಅದೇ ದಿನ ಜಗಳದವನ ಮನೆಗೆ ಓಡಿದ ಮಾವ, ಎಲ್ಲ ಕೂಡಿಸಿ ಪೇಟೆ ತಾನೇ ಕಥೆ ಕಟ್ಟಿತು: ಮುದುಕ ಅಳಿಯನ ನಂಬರನ್ನು ಪಾಯಪ್ಪನಿಗೆ ಮಾರಿದ, ಇಡೀ ಊರಿನ ಮುಂದೆ ವಲ್ಲಿ ಹಾಕಿ ಆ ವ್ಯವಹಾರವನ್ನೇ ಹುಡುಗನಿಗೆ ಹೇಳಿದ. ಪರೀಕ್ಷೆಯ ನಂಬರು ಮಾರಲು ಬರುವುದಿಲ್ಲ ಎಂದು ಚನ್ನಬಸಯ್ಯ ಮಾಸ್ತರರು ಎಷ್ಟು ಹೇಳಿದರೂ ನಡೆಯಲಿಲ್ಲ. ಇಡೀ ಜನ್ಮ ಎಲ್ಲರನ್ನೂ ಸಂಶಯದಿಂದ ನೋಡಿದವನ ಮೇಲೆ ಸಂಶಯಪಡುವ ಅವಕಾಶ ಸಿಕ್ಕರೆ ಪೇಟೆ ಬಿಡುತ್ತದೆಯೇ?

ಅವ್ವನೂ ನಂಬಿದಳು. ಇಳಕಲ್ ಸೀರೆಯನ್ನು ಪೆಟ್ಟಿಗೆಗೆ ಹಾಕಿದವಳು ಮತ್ತೆ ತೆಗೆಯಲಿಲ್ಲ. ಅಣ್ಣನ ತಟ್ಟೆಗೆ ರೊಟ್ಟಿ ನೀಡುತ್ತಿದ್ದಳು, ಮಾತು ನಿಲ್ಲಿಸಿದಳು. ಮಾವ ಒಂದು ಸಲವೂ ಖರೆ ಏನೆಂದು ಹೇಳಲಿಲ್ಲ. ಹೇಳಿದ್ದರೆ ನಾನು ಆ ಊರಲ್ಲಿ ತಲೆಯೆತ್ತುವಂತಿರಲಿಲ್ಲ. ಒಂದು ದಿನ ಅಕ್ಕಿಯ ಗೋದಾಮಿನಲ್ಲಿ ನಾನೇ, "ಮಾಮಾ, ಅವ್ವಗ ಹೇಳ್ತೀನಿ" ಎಂದೆ. "ಹೇಳು" ಎಂದ. ಆ ಸಂಜೆ ಊಟಕ್ಕೆ ಕೂತಾಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಹೇಳಲಿಲ್ಲ. ಅವನು ಮತ್ತೆ ಎಂದೂ ಹಾಗೆ ನೋಡಲಿಲ್ಲ.

ಮರುವರ್ಷ ಪಾಸಾದೆ. ಯಾರೂ ಹಾರ ಹಾಕಲಿಲ್ಲ, ಕಾಲೇಜಿಗೆ ನಾನೇ ಹೋಗಲಿಲ್ಲ. ಮಾವನ ಜತೆ ಪೇಟೆಗೆ ಇಳಿದೆ. ನಾನು ಚುಚ್ಚಿ ನೋಡಿದ ಚೀಲವನ್ನು ಅವನು ಕೊನೆಯವರೆಗೂ ಮತ್ತೊಮ್ಮೆ ಚುಚ್ಚಿ ನೋಡುತ್ತಿದ್ದ. ಅದಕ್ಕೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟಾಗುವ ಹಕ್ಕಿಲ್ಲವೆಂದೂ ಗೊತ್ತಿತ್ತು.

ಮಾವ ತೀರಿಕೊಂಡ ಸುದ್ದಿ ತಿಳಿದು ಪದ್ಮಾಕರ ಮೊನ್ನೆ ಪುಣೆಯಿಂದ ಬಂದ. ಈಗ ಅಲ್ಲಿ ಹವಾಮಾನದ ಕಚೇರಿಯಲ್ಲಿದ್ದಾನೆ, ಮಳೆಯ ಲೆಕ್ಕ ಬರೆಯುತ್ತಾನೆ. ಅವ್ವನ ಎದುರು ಸ್ವಲ್ಪ ಹೊತ್ತು ಕೂತ. ಅವ್ವ ಅವನಿಗೆ ಚಹಾ ಕೊಟ್ಟಳು, ಮುಖ ಕೊಡಲಿಲ್ಲ. ನಿನ್ನೆ ಮಧ್ಯಾಹ್ನ ಅವನನ್ನು ಗಾಡಿ ಹತ್ತಿಸಲು ಸ್ಟೇಷನ್ನಿಗೆ ಹೋದೆ. ಪತ್ರಿಕೆ ಹರವಿದ್ದ ಅದೇ ಬಾಕಿನ ಮೇಲೆ ಕೂತೆವು.

"ನಿಮ್ಮ ಮಾಮಾರ ಮ್ಯಾಲ ನನಗ ಸಿಟ್ಟಿಲ್ಲ" ಎಂದ ಪದ್ಮಾಕರ. "ಕಾರ್ಡ ತಡದ್ರು ಖರೇ. ಆದ್ರ ಅದು ಅವರ ಜಡ್ಡ ಇತ್ತು, ಏನ ಮಾಡೂದು."

"ತಡದಾಂವ ಮಾಮಾ ಅಲ್ಲ. ನಾನು."

ಅವನು ನಕ್ಕ. "ಸತ್ತಾವ್ರ ಮ್ಯಾಲಿನ ಮಾಯಾಕ ಹಿಂಗ ಅಂತಿ. ನಿನ್ನ ನಾ ನಾಕ ವರ್ಷ ನೋಡೇನಿ."

ಸುಳ್ಳನ್ನು ಒಂದು ಬೆರಳಿಗೆ ಊರೆಲ್ಲ ನಂಬಿತ್ತು. ಖರೆಯನ್ನು ಬಾಯಿಬಿಟ್ಟು ಹೇಳಿದರೂ ಒಬ್ಬ ಗೆಳೆಯ ನಂಬುತ್ತಿಲ್ಲ. ನಾನು ಹೆಗಲ ಮೇಲಿನ ವಲ್ಲಿ ತೆಗೆದೆ. ಅದು ಮಾವನದೇ. ಪದ್ಮಾಕರನ ಕೈ ಎಳೆದುಕೊಂಡು ಎರಡೂ ಕೈಗಳ ಮೇಲೆ ಹೊದಿಸಿದೆ. ಅವನೂ ಅಕ್ಕಿ ಬೆಳೆಯುವವರ ಮನೆಯವನು, ಅದರ ಅರ್ಥ ಅವನಿಗೆ ಗೊತ್ತು.

"ಕಾರ್ಡ ತಡದಾಂವ ನಾನು" ಎಂದು ಮತ್ತೆ ಹೇಳಿದೆ. ಹೇಳಿ, ಅವನ ಅಂಗೈಯನ್ನು ಪೂರಾ ಒತ್ತಿದೆ.

ಅವನ ಮುಖದ ನಗು ಹೋಯಿತು. ಗಾಡಿಯ ಸಿಳ್ಳು ಕೇಳಿಸಿತು. ಅವನು ಕೈ ಕಿತ್ತುಕೊಳ್ಳುತ್ತಾನೆ ಎಂದುಕೊಂಡೆ. ಗಾಡಿ ಬಂದು ನಿಲ್ಲುವವರೆಗೂ ಕೈ ಅಲ್ಲೇ ಇತ್ತು, ಆದರೆ ಅವನು ಒತ್ತಲಿಲ್ಲ. ಎದ್ದು ಗಾಡಿ ಹತ್ತಿ ಹೋದ.

ಮನೆಗೆ ಬಂದೆ. ಅವ್ವ ಹಿತ್ತಲಿನಲ್ಲಿ ಅಣ್ಣನ ಧೋತರ ಒಗೆದು ಹರವುತ್ತಿದ್ದಳು, ಯಾರಿಗಾದರೂ ಕೊಟ್ಟುಬಿಡಲು. ಹರವುವಾಗಲೂ ಮುಖ ಬಿಗಿದೇ ಇತ್ತು. ಅವ್ವನಿಗೆ ಬೆರಳಿನ ಲೆಕ್ಕ ಬರುವುದಿಲ್ಲ. ಅವಳಿಗೆ ಬಾಯಿಂದಲೇ ಹೇಳಬೇಕು.